ಬಳ್ಳಾರಿಗೆ ಇಳಿದ ಅಂಚೆ ವಿಮಾನ

ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಶುರುವಾದದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ. 1911ರ ಫೆಬ್ರವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಮೇಲೆದ್ದ ಫ್ರೆಂಚ್ ಪೈಲಟ್ ಆನ್ರಿ ಪೆಕೆ, ಸುಮಾರು 6,500 ಪತ್ರಗಳ ಚೀಲದೊಂದಿಗೆ ಯಮುನೆ ದಾಟಿ ನೈನಿಯಲ್ಲಿ ಇಳಿದ. ಸರ್ಕಾರದ ಒಪ್ಪಿಗೆಯೊಂದಿಗೆ ವಿಮಾನದಲ್ಲಿ ಹೋದ ಜಗತ್ತಿನ ಮೊದಲ ಅಂಚೆ ಇದೆಂದು ಹೇಳುತ್ತಾರೆ. ಆದರೆ ಅದು ಹೆಚ್ಚುಕಡಿಮೆ ಜಾತ್ರೆಯ ಆಟ. ದಿನನಿತ್ಯದ ಪತ್ರಗಳಿಗೆ ಅದರಿಂದ ಏನೂ ಆಗಲಿಲ್ಲ.

1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ಅಂಚೆ ತರತೊಡಗಿತು. ಅಷ್ಟು ದೂರ ಹಾರಿ ಬಂದ ಪತ್ರ ಮುಂಬಯಿ, ಮದ್ರಾಸುಗಳಿಗೆ ಹೋಗಲು ಮತ್ತೆ ರೈಲನ್ನೇ ಕಾಯಬೇಕು! ಈ ಕೊರತೆಯನ್ನು ಕಂಡವರು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಮತ್ತು ಯುವಕ ಜೆ.ಆರ್.ಡಿ. ಟಾಟಾ. ಟಾಟಾ ಸಂಸ್ಥೆಯ ಹಿರಿಯ ದೊರಾಬ್ಜಿ ಟಾಟಾ ಅವರನ್ನು ಒಪ್ಪಿಸಿದ್ದಾಯಿತು. ಸರ್ಕಾರವನ್ನು ಒಪ್ಪಿಸುವುದೇ ಕಷ್ಟವಾಯಿತು. ಸಹಾಯಧನ ಕೇಳಿದರೆ ಇಲ್ಲವೆಂದಿತು. ಕೊನೆಗೆ ಸಹಾಯಧನವಿಲ್ಲದೆಯೇ 1932ರಲ್ಲಿ ಒಪ್ಪಂದವಾಯಿತು. ಅಂಚೆ ಹೊತ್ತಷ್ಟಕ್ಕೆ ಹಣ. ಅಂಚೆ ಬರದಿದ್ದರೆ ನಷ್ಟವೆಲ್ಲ ಟಾಟಾ ಅವರದೇ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಬ್ಬರೇ ಪುಟ್ಟ 'ಪುಸ್ ಮಾತ್' ವಿಮಾನದಲ್ಲಿ ಕರಾಚಿಯಿಂದ ಹೊರಟರು. ರೇಡಿಯೋ ಇರಲಿಲ್ಲ, ದಾರಿ ತೋರುವ ಯಾವ ಉಪಕರಣವೂ ಇರಲಿಲ್ಲ. ಅಹಮದಾಬಾದಿನಲ್ಲಿ ಎತ್ತಿನಗಾಡಿಯಲ್ಲಿ ಬಂದ ಪೆಟ್ರೋಲು ತುಂಬಿಸಿಕೊಂಡು ಮುಂಬಯಿಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ಚೀಲಗಳ ಹೊಣೆ ವಿನ್ಸೆಂಟ್‌ರದು. ಮದ್ರಾಸಿಗೆ ಹೋಗುವ ದಾರಿಯಲ್ಲಿ ಅವರು ಇಳಿದ ಊರು ಬಳ್ಳಾರಿ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಈ ಕನ್ನಡದ ಊರು ಹೀಗೆ ದೇಶದ ವಿಮಾನ ಅಂಚೆಯ ಮೊದಲ ನಕ್ಷೆಯಲ್ಲೇ ಇತ್ತು. ಬೆಂಗಳೂರು ಇರಲಿಲ್ಲ ಎಂಬುದನ್ನು ಬಳ್ಳಾರಿಯವರು ಧಾರಾಳವಾಗಿ ಹೇಳಿಕೊಳ್ಳಬಹುದು.

ಮಳೆಗಾಲದಲ್ಲಿ ಜುಹುವಿನ ನೆಲವೇ ನೀರಿನಡಿ. ಆಗ ವಿಮಾನಗಳು ಪುಣೆಗೆ ಸ್ಥಳಾಂತರವಾಗುತ್ತಿದ್ದವು. ಹಾಗಿದ್ದೂ ಮೊದಲ ಪೂರ್ಣ ವರ್ಷದಲ್ಲಿ ಈ ಸೇವೆ ಸುಮಾರು ಹತ್ತು ಟನ್ ಅಂಚೆ ಸಾಗಿಸಿ, 60,000 ರೂಪಾಯಿ ಲಾಭವನ್ನೂ ಕಂಡಿತು.

ಆದರೂ ವಿಮಾನ ಅಂಚೆಗೆ ಹೆಚ್ಚಿನ ಚೀಟಿ ಅಂಟಿಸಬೇಕಾಗಿತ್ತು. ಸಾಮಾನ್ಯ ಜನರ ಕಾಗದ ರೈಲಿನಲ್ಲೇ ಹೋಗುತ್ತಿತ್ತು. ಇದು ಬದಲಾದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ರಾತ್ರಿ ಅಂಚೆ ಸೇವೆ ಆರಂಭವಾಗಿ, ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ಮರಳತೊಡಗಿದವು. ಅದೇ ವರ್ಷದ ಏಪ್ರಿಲ್‌ನಿಂದ, ವಿಮಾನದಲ್ಲಿ ಹೋದರೆ ಬೇಗ ತಲುಪುವಂತಿದ್ದ ಒಳನಾಡಿನ ಪತ್ರಗಳನ್ನು ಹೆಚ್ಚಿನ ಶುಲ್ಕವಿಲ್ಲದೆ ವಿಮಾನಕ್ಕೇ ಏರಿಸಲಾಯಿತು.