ಕಾಲ್ಚೆಂಡಿನ ಕಾರುಬಾರು

ಚಾಮರಾಜನಗರದಲ್ಲಿ ಯಾರನ್ನಾದರೂ ನಿಲ್ಲಿಸಿ ‘ಸಿ.ಇ.ಓ. ಸಾಹೇಬರ ಕಚೇರಿ ಎಲ್ಲಿ?’ ಎಂದು ಕೇಳಿದರೆ ಜಿಲ್ಲಾ ಪಂಚಾಯತಿಯ ದಾರಿಯನ್ನು ತೋರಿಸುತ್ತಾರೆ. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಎಂಬ ಉದ್ದನೆಯ ಹೆಸರಿಗೆ ಅಲ್ಲಿ ಅದೊಂದೇ ಅರ್ಥ. ಕಾಲ್ಚೆಂಡಿನ ಕ್ಲಬ್ಬಿಗೂ ಅದೇ ಹೆಸರಿನ ಒಬ್ಬ ಅಧಿಕಾರಿ ಇರುತ್ತಾನೆಂದರೆ ಕೇಳಿದವರಿಗೆ ನಗು ಬಂದೀತು. ಒಂದು ಚೆಂಡು, ಎರಡು ಕಡೆ ಗೋಲುಕಂಬ, ಹನ್ನೊಂದು ಮಂದಿ ಗಟ್ಟಿ ಹುಡುಗರು ಇಷ್ಟಿದ್ದರೆ ಸಾಲದೆ? ಇದಕ್ಕೊಬ್ಬ ಅಧಿಕಾರಿ, ಅವನಿಗೊಂದು ಕಚೇರಿ ಏಕೆ?

ಏಕೆಂಬುದನ್ನು ನಮ್ಮ ನಾಡಿನ ಕಾಲ್ಚೆಂಡಿನ ಚರಿತ್ರೆಯೇ ಹೇಳುತ್ತದೆ. ಅದಕ್ಕೆ ಮೊದಲು ಹುದ್ದೆಯ ಅರ್ಥವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬರು ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದರು; ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡರು. ಅವರ ಮುತುವರ್ಜಿಯಿಂದ ಬಂದ 1983ರ ಕಾಯಿದೆಯ ಮೇರೆಗೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಚುನಾಯಿತ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ. ಅವನ ಕೈಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯನಾದ ಒಬ್ಬ ಮುಖ್ಯ ಕಾರ್ಯದರ್ಶಿ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಈ ಹುದ್ದೆಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಎಂಬ ಹೆಸರಾಯಿತು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೂ ಅಂಥ ಒಬ್ಬ ಅಧಿಕಾರಿ ಬಂದರು.

ಈ ಏರ್ಪಾಟಿನ ಹುರುಳು ಇಷ್ಟೆ. ಹಣ ಅಧಿಕಾರಿಯದಲ್ಲ, ಲೆಕ್ಕ ಮಾತ್ರ ಅವನದು. ನಾಳೆ ಅವನು ವರ್ಗವಾಗಿ ಹೋದರೂ ಕೆಲಸ ನಿಲ್ಲಬಾರದು. ಎಲ್ಲಕ್ಕೂ ಮಿಗಿಲಾಗಿ, ‘ಏಕೆ ಹೀಗೆ ಮಾಡಿದೆ?’ ಎಂದು ಕೇಳುವ ಒಂದು ಸಭೆ ಅವನ ಎದುರಿಗೆ ಕುಳಿತಿರಬೇಕು. ಈ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಆಟದ ಬಯಲಿಗೆ ಹೋಗೋಣ.

ಬೆಂಗಳೂರಿಗೆ ಕಾಲ್ಚೆಂಡು ಬಂದದ್ದು ದಂಡಿನ ಸೋಜರರ ಜೊತೆಯಲ್ಲಿ. ಬೂಟು ತೊಟ್ಟವರ ಆಟವನ್ನು ಬರಿಗಾಲಿನವರು ನೋಡಿ ಕಲಿತರು; ಕಲಿತು ಗುರುಗಳಿಗೇ ತಿರುಮಂತ್ರ ಹಾಕಿದರು. ಮುಂಬಯಿಯ ರೋವರ್ಸ್ ಕಪ್ಪು 1891ರಲ್ಲಿ ಆರಂಭವಾದದ್ದು. ಬಹುಕಾಲ ಅದು ಬಿಳಿಯರ ಪಟಾಲಮ್ಮುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದುಕೊಂಡ ಮೊಟ್ಟಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಅವರೇ ಮತ್ತೆ ಗೆದ್ದರು. 1948ರಲ್ಲಿ ಮೂರನೆಯ ಸಲ. 1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಆ ಒಂದು ಗೋಲು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್.

ಇಷ್ಟು ಕೀರ್ತಿ ಬಂದರೂ ಆ ಆಟಗಾರರು ಊರಲ್ಲಿ ಉಳಿದರೆ? ಇಲ್ಲ. ಬೆಂಗಳೂರಿನ ಅಹಮದ್ ಖಾನ್, ಧನರಾಜ್ ಮೊದಲಾದವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿ ಇವರನ್ನೂ ಸೇರಿಸಿಕೊಂಡ ಐವರು ಮುನ್ನಡೆಯ ಆಟಗಾರರಿಗೆ ‘ಪಂಚಪಾಂಡವರು’ ಎಂದೇ ಹೆಸರಾಯಿತು. 1949ರಲ್ಲಿ ಆ ಕ್ಲಬ್ಬು ಕಲ್ಕತ್ತೆಯ ಲೀಗು, ಐ.ಎಫ್.ಎ. ಷೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದಿತು. ಇವರನ್ನು ಹುಡುಕಿ ಕರೆತಂದವನು ಜ್ಯೋತಿಷ್ ಚಂದ್ರ ಗುಹ ಎಂಬ ಆಡಳಿತಗಾರ. ಮೈದಾನಕ್ಕಿಳಿದು ಗೋಲು ಹೊಡೆದವನಲ್ಲ. ಯಾರನ್ನು ಎಲ್ಲಿಂದ ತರಬೇಕು, ಅವರನ್ನು ಹೇಗೆ ನಿಲ್ಲಿಸಿಕೊಳ್ಳಬೇಕು ಎಂಬುದನ್ನು ಬಲ್ಲವನು. ಮುಖ್ಯ ಕಾರ್ಯನಿರ್ವಾಹಕ ಎಂಬ ಬಿರುದು ಆಗಿನ್ನೂ ಕಾಲ್ಚೆಂಡಿನ ಲೋಕಕ್ಕೆ ಬಂದಿರಲಿಲ್ಲ. ಕೆಲಸ ಮಾತ್ರ ಇತ್ತು. ನಮ್ಮಲ್ಲಿ ಕಾಲುಗಳಿದ್ದವು, ಅವರಲ್ಲಿ ಕಾರುಬಾರು ಇತ್ತು.

ಬೆಂಗಳೂರಿನ ಆಟಕ್ಕೆ ಮುಂದಿನ ಆಸರೆಯಾದದ್ದು ಕಾರ್ಖಾನೆಗಳು. ವಿಮಾನ ಕಾರ್ಖಾನೆ 1940ರಲ್ಲಿ ಹುಟ್ಟಿತು. ಟೆಲಿಫೋನ್ ಕಾರ್ಖಾನೆಯಾದ ಐ.ಟಿ.ಐ. 1948ರಲ್ಲಿ. ಹಿಂದೆಯೇ ಇನ್ನೂ ಹಲವು ಸರ್ಕಾರಿ ಉದ್ಯಮಗಳು ಬಂದವು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲೊಂದು ನೌಕರಿ ಸಿಕ್ಕುತ್ತಿತ್ತು. ತಿಂಗಳ ಸಂಬಳ, ಇರಲು ಕ್ವಾರ್ಟರ್ಸು, ಮುಪ್ಪಿಗೆ ಪಿಂಚಣಿ. ಕಾಲು ಮುರಿದರೂ ಒಲೆ ಆರುತ್ತಿರಲಿಲ್ಲ. ಇದು ಸಣ್ಣ ಉಪಕಾರವಲ್ಲ. 1967-68ರಲ್ಲೂ 1968-69ರಲ್ಲೂ ಮೈಸೂರು ರಾಜ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದಿತು. ಅದಾದ ಮೇಲೆ ಆ ಟ್ರೋಫಿ ಕರ್ನಾಟಕಕ್ಕೆ ಮತ್ತೆ ಬಂದದ್ದು 2023ರಲ್ಲಿ, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ ಐವತ್ತನಾಲ್ಕು ವರ್ಷ!

ಕಾರ್ಖಾನೆಯ ತಂಡಕ್ಕೆ ಒಂದು ಹುಟ್ಟುಕುಂದು ಇತ್ತು. ಅದಕ್ಕೆ ಬೇಕಾದ ಹಣ ಮೇಲಿನಿಂದ ಬರುತ್ತಿತ್ತೇ ಹೊರತು ಸುತ್ತಲಿನ ಜನರಿಂದಲ್ಲ. ಟಿಕೀಟು ಮಾರಾಟವಾದರೇನು, ಆಗದಿದ್ದರೇನು? ಪ್ರೇಕ್ಷಕ ಬಂದರೆ ಸಂತೋಷ, ಬಾರದಿದ್ದರೆ ನಷ್ಟವಿಲ್ಲ. ಆದ್ದರಿಂದ ಪ್ರೇಕ್ಷಕನನ್ನು ಕರೆಯುವ ಕಲೆಯನ್ನು ಯಾರೂ ಕಲಿಯಲಿಲ್ಲ. 1996ರಲ್ಲಿ ರಾಷ್ಟ್ರೀಯ ಲೀಗು ಆರಂಭವಾಗಿ ಆಟವೇ ವೃತ್ತಿಯಾಗುತ್ತ ಬಂದಾಗ ಐ.ಟಿ.ಐ. ಕೆಲವು ವರ್ಷ ಅದರಲ್ಲಿ ಆಡಿತು. ಆದರೆ ಕಾರ್ಖಾನೆಯೇ ಕೃಶವಾಗುತ್ತಿರುವಾಗ ತಂಡ ಕೊಬ್ಬುವುದೆಂತು? ಎಚ್.ಎ.ಎಲ್. ತಂಡ 2010ರಲ್ಲಿ ಐ-ಲೀಗನ್ನು ಪ್ರವೇಶಿಸಿತು. ಉಳಿದ ಕ್ಲಬ್ಬುಗಳು ಆಫ್ರಿಕದಿಂದಲೂ ಬ್ರೆಜಿಲಿನಿಂದಲೂ ಆಟಗಾರರನ್ನು ತರುತ್ತಿದ್ದ ಕಾಲದಲ್ಲಿ ಇದು ನಮ್ಮವರನ್ನೇ ಕಟ್ಟಿಕೊಂಡು ಹೋರಾಡಿತು. ಎರಡು ವರ್ಷದಲ್ಲಿ, 2012ರಲ್ಲಿ, ಕೆಳಗಿನ ದರ್ಜೆಗೆ ಇಳಿಯಿತು. ಆಡುವವರು ಸೋತರೆಂದು ಹೇಳುವುದು ಸುಲಭ. ನಿಜವಾಗಿ ಸೋತದ್ದು, ಒಂದೇ ಹುಂಡಿಯನ್ನು ನೆಚ್ಚಿಕೊಂಡ ಏರ್ಪಾಟು.

ಆಮೇಲೆ ಬಂದದ್ದು ಮೂರನೆಯ ಆಸರೆ. 2013ರಲ್ಲಿ ಜೆ.ಎಸ್.ಡಬ್ಲ್ಯು. ಎಂಬ ಉಕ್ಕಿನ ಮನೆತನ ಬೆಂಗಳೂರು ಎಫ್.ಸಿ.ಯನ್ನು ಕಟ್ಟಿತು. ಮೊದಲ ವರ್ಷವೇ ಐ-ಲೀಗು ಗೆದ್ದಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗಿನ ಪ್ರಶಸ್ತಿಯೂ ಬಂತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ನೀಲಿ ಅಂಗಿಯ ತರುಣರು ನಿಂತೇ ಆಟ ನೋಡುವ ಹೊಸ ವಾಡಿಕೆ ಹುಟ್ಟಿತು. ಈ ಕ್ಲಬ್ಬಿನಲ್ಲಿ ಮುಖ್ಯ ಕಾರ್ಯನಿರ್ವಾಹಕ ಎಂಬ ಹುದ್ದೆ ಹೆಸರಿಗೆ ಮಾತ್ರವಲ್ಲದೆ ಕೆಲಸಕ್ಕೂ ಇತ್ತು.

ಆದರೂ 2025 ಬಂತು. ದೇಶದ ಕಾಲ್ಚೆಂಡು ಒಕ್ಕೂಟವು ಲೀಗಿನ ವ್ಯಾಪಾರದ ಹಕ್ಕನ್ನು 2010ರಲ್ಲಿ ಹದಿನೈದು ವರ್ಷಗಳಿಗೆ ಬರೆದುಕೊಟ್ಟಿತ್ತು. ಆ ಕರಾರು ಮುಗಿಯುತ್ತ ಬಂದು, ಹೊಸದು ಕುದುರದೆ, ಆ ವರ್ಷದ ಲೀಗನ್ನು ಮುಂದಕ್ಕೆ ಹಾಕಲಾಯಿತು. ಆಟವಿಲ್ಲದ ಮೇಲೆ ಟಿಕೀಟಿಲ್ಲ, ಜಾಹೀರಾತಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ಏಷ್ಯದ ಅಂಗಳದಲ್ಲಿ ಮೆರೆದ ಕ್ಲಬ್ಬಿಗೇ ಈ ಗತಿಯಾದರೆ ಉಳಿದವರ ಪಾಡೇನು ಎಂದು ಜನ ಬೆರಗಾದರು.

ಇಂಥ ಹೊತ್ತಿನಲ್ಲಿಯೇ ಈ ಅಧಿಕಾರಿಯ ಯೋಗ್ಯತೆ ಒರೆಗಲ್ಲಿಗೆ ಬರುವುದು. ಗೆಲ್ಲುವ ಕ್ಲಬ್ಬಿನ ಕಾರ್ಯನಿರ್ವಾಹಕನ ಹೆಸರು ಯಾರಿಗೂ ಬೇಡ. ಸೊರಗಿದ ಕ್ಲಬ್ಬಿನಲ್ಲಿ ಎಲ್ಲರೂ ಕೇಳುವುದು ಅವನನ್ನೇ. ಯಾವ ಆಟಗಾರನನ್ನು ಇಳಿಸಬೇಕೆಂಬುದು ತರಬೇತುದಾರನ ಕೆಲಸ. ಎಷ್ಟು ಹಣ ಹಾಕಬೇಕೆಂಬುದು ಒಡೆಯನ ಇಷ್ಟ. ಇವೆರಡರ ನಡುವೆ ನಿಂತವನು ಈತ. ಸಂಬಳದ ಪಟ್ಟಿ, ಮೈದಾನದ ಬಾಡಿಗೆ, ರೈಲು ವಿಮಾನಗಳ ಖರ್ಚು, ಲೀಗಿನವರು ಕೇಳುವ ಪರವಾನಗಿ ಪತ್ರಗಳು, ಕಿರಿಯರ ತಂಡ, ಜಾಹೀರಾತುದಾರರ ಮುನಿಸು ಎಲ್ಲವೂ ಅವನ ಮೇಜಿಗೆ ಬರುತ್ತವೆ. ಹಣ ಸಾಲದೆ ಬಂದಾಗ ಮೊದಲು ಯಾರಿಗೆ ಕೊಡುವುದು? ಹೆಸರಾಂತ ಆಟಗಾರನಿಗೋ, ಹುಲ್ಲು ಕತ್ತರಿಸುವ ಮಾಲಿಗೋ? ದೊಡ್ಡ ಆಟಗಾರನನ್ನು ಮಾರಿ ಈ ವರ್ಷ ದಾಟುವುದೋ, ಕಿರಿಯರ ಶಾಲೆಯನ್ನು ಮುಚ್ಚಿ ಮುಂದಿನ ಹತ್ತು ವರ್ಷವನ್ನು ಕಳೆದುಕೊಳ್ಳುವುದೋ? ಕಿರಿಯರ ಶಾಲೆಯನ್ನು ಮುಚ್ಚುವುದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ. ಸಂಜೆಗೆ ಹೊಟ್ಟೆ ತುಂಬುತ್ತದೆ. ಮುಂಗಾರಿಗೆ ಕೈ ಬರಿದು.

ಆದರೆ ಎಂಥ ಸಮರ್ಥನಾದರೂ ಒಂದು ಸಭೆಯ ಬೆಂಬಲವಿಲ್ಲದೆ ಅವನು ಒಂಟಿ. ಜಿಲ್ಲಾ ಪಂಚಾಯತಿಯ ಮಾತನ್ನೇ ನೋಡಿ. 2021ರಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಾರುಬಾರು ಸಾಗಿತು. ಕಡತ ನಡೆಯಿತು, ಹಣ ಖರ್ಚಾಯಿತು. ಆದರೆ ಹಳ್ಳಿಯವನ ಪರವಾಗಿ ಎದ್ದುನಿಂತು ಕೇಳುವ ಸದಸ್ಯನಿರಲಿಲ್ಲ. ಸದಸ್ಯರಿಲ್ಲದ ಕ್ಲಬ್ಬಿನ ಸ್ಥಿತಿಯೂ ಹೀಗೆಯೇ. ಅಲ್ಲಿ ಅಧಿಕಾರಿ ಒಬ್ಬ ಒಡೆಯನಿಗೆ ಮಾತ್ರ ಉತ್ತರ ಹೇಳಬೇಕು. ಒಡೆಯ ಬೇಸತ್ತರೆ ಅಧಿಕಾರಿಯೂ ಇಲ್ಲ, ಕ್ಲಬ್ಬೂ ಇಲ್ಲ.

ನಮ್ಮವರನ್ನು ಕರೆದುಕೊಂಡ ಈಸ್ಟ್ ಬೆಂಗಾಲನ್ನು ಇದರೊಡನೆ ಹೋಲಿಸಿ. 2018ರಲ್ಲಿ ಬೆಂಗಳೂರಿನ ಕ್ವೆಸ್ ಎಂಬ ಕಂಪೆನಿ ಅದರ ಬಂಡವಾಳಗಾರನಾಗಿ ಬಂತು, 2020ರಲ್ಲಿ ಬಿಟ್ಟುಹೋಯಿತು. ಮತ್ತೊಂದು ಕಂಪೆನಿ ಬಂತು. 2022ರಲ್ಲಿ ಅದೂ ಹೋಗಿ ಮೂರನೆಯದು ಬಂತು. ನಡುವೆ ಜಗಳವೂ ಆಯಿತು, ಸೋಲೂ ಆಯಿತು. 1920ರಲ್ಲಿ ಹುಟ್ಟಿದ ಕ್ಲಬ್ಬು ಮಾತ್ರ ಹೋಗಲಿಲ್ಲ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬರಿಗೈಯಲ್ಲಿ ಬಂದವರು ಅದನ್ನು ತಮ್ಮದೆಂದು ಅಪ್ಪಿಕೊಂಡಿದ್ದರು. ಅವರ ಮೊಮ್ಮಕ್ಕಳು ಬೀದಿಗಿಳಿದು ‘ನಮ್ಮ ಕ್ಲಬ್ಬು’ ಎಂದರು. ಜರ್ಮನಿಯಲ್ಲಿ ಈ ಮಾತನ್ನು ನಿಯಮವಾಗಿಯೇ ಬರೆದಿದ್ದಾರೆ. ಅಲ್ಲಿ ಬಂಡವಾಳ ಯಾರದೇ ಇರಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮತದ ಅರ್ಧಕ್ಕಿಂತ ಹೆಚ್ಚಿನ ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು.

ಇನ್ನೂ ಹತ್ತಿರದ ಪಾಠ ಬೇಕಾದವರು ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೊರಡಬಹುದು. ಗುಂಡ್ಲುಪೇಟೆಯಲ್ಲಿ ಚೆಂಡು ಎಂದರೆ ಮೊದಲು ನೆನಪಾಗುವುದು ಹೂವು. ಓಣಂ ಬಂತೆಂದರೆ ಆ ಹೂವು ಕಾಡು ದಾಟಿ ಕೇರಳಕ್ಕೆ ಹೋಗುತ್ತದೆ. ಅದೇ ಹಾದಿ ಹಿಡಿದು ವಯನಾಡಿನ ಆಚೆಗಿರುವ ಮಲಬಾರಿಗೆ ಇಳಿದರೆ ಇನ್ನೊಂದು ಚೆಂಡಿನ ಹಬ್ಬವನ್ನು ಕಾಣಬಹುದು. ಕೊಯ್ಲಾದ ಗದ್ದೆಯಲ್ಲಿ ಬಿದಿರು, ಅಡಕೆಮರ, ಹಲಗೆಗಳಿಂದ ಮೆಟ್ಟಿಲು ಕಟ್ಟಿ, ದೀಪ ಹಾಕಿ, ಏಳೇಳು ಮಂದಿಯ ‘ಸೆವೆನ್ಸ್’ ಪಂದ್ಯ ನಡೆಸುತ್ತಾರೆ. ಆಫ್ರಿಕದ ಆಟಗಾರರೂ ಅಲ್ಲಿ ಕೂಲಿಗೆ ಆಡುತ್ತಾರೆ. ಖರ್ಚೆಲ್ಲ ಹುಟ್ಟುವುದು ಟಿಕೀಟಿನಿಂದ, ಊರ ವರ್ತಕರ ವಂತಿಗೆಯಿಂದ. ಉಳಿದದ್ದು ಎಷ್ಟೋ ಕಡೆ ಬಡರೋಗಿಯ ಚಿಕಿತ್ಸೆಗೆ, ವಾಚನಾಲಯಕ್ಕೆ ಹೋಗುತ್ತದೆ. ಗುಂಡ್ಲುಪೇಟೆಯವರು ನೋಡಲು ಹೋದರೆ ಆ ರಾತ್ರಿ ಅಲ್ಲಿಯೇ ಉಳಿಯಬೇಕು. ಬಂಡೀಪುರದ ದಾರಿಯಲ್ಲಿ ಆನೆ ಹುಲಿಗಳ ನೆಮ್ಮದಿಗಾಗಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸೆವೆನ್ಸ್ ಸಮಿತಿಯ ಕಾರ್ಯದರ್ಶಿಗೆ ಬಿರುದಿಲ್ಲ, ಕಾರಿಲ್ಲ. ಆದರೆ ಲೆಕ್ಕ ತಪ್ಪಿದರೆ ಮರುದಿನ ಚಹದಂಗಡಿಯಲ್ಲಿಯೇ ಅವನ ವಿಚಾರಣೆ.

ದೊರೆಯ ಕೃಪೆ ಬೇಡವೆಂದು ಇಲ್ಲಿ ವಾದವಲ್ಲ. ದೊರೆ ಹೋದ ಮೇಲೆ ಏನು ಉಳಿಯಿತೆಂಬುದೇ ಪ್ರಶ್ನೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. 1831ರಲ್ಲಿ ಇಂಗ್ಲಿಷರು ಅವರ ಕೈಯಿಂದ ರಾಜ್ಯಭಾರವನ್ನೇ ಕಿತ್ತುಕೊಂಡರು. ಆದರೂ ಆಷಾಢದ ತೇರು ಉಳಿಯಿತು. ಆಷಾಢದಲ್ಲಿ ಬೇರೆ ಕಡೆ ಅಗಲಿರಬೇಕಾದ ಹೊಸ ಜೋಡಿಗಳು ಇಲ್ಲಿ ಕೂಡಿ ಬಂದು ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ತೇರು ಬೆಂಕಿಗೆ ತುತ್ತಾಗಿ ಉತ್ಸವ ನಿಂತಿತು; 2022ರಲ್ಲಿ ಹೊಸ ತೇರು ಬಂದಾಗ ಹಗ್ಗ ಹಿಡಿಯುವ ಕೈಗಳಿಗೆ ಕೊರತೆಯಾಗಲಿಲ್ಲ. ತೇರನ್ನು ಅರಸು ಕೊಡಬಹುದು, ಸರ್ಕಾರ ಕೊಡಬಹುದು. ಎಳೆಯುವವರು ಊರವರೇ ಆಗಬೇಕು.

ರಾಷ್ಟ್ರೀಯ ಲೀಗಿನಲ್ಲಿ ಆಡಿದ ಕ್ಲಬ್ಬು ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಬಂದಿಲ್ಲ. ಅಲ್ಲಿ ವಿಮಾನ ಕಾರ್ಖಾನೆಯಿಲ್ಲ, ಉಕ್ಕಿನ ಮನೆತನವೂ ಇಲ್ಲ. ಇದನ್ನು ಬಡತನವೆಂದು ಎಣಿಸಬೇಕಾಗಿಲ್ಲ. ಬೆಂಗಳೂರು ಮೂರು ಸಲ ಮೇಲಿನಿಂದ ಕಟ್ಟಲು ಹೋಗಿ ಕಲಿತ ಪಾಠವನ್ನು ಈ ಊರುಗಳು ಕೆಳಗಿನಿಂದಲೇ ಆರಂಭಿಸಿ ಕಲಿಯಬಹುದು. ಹೂವಿನ ಮಂಡಿಯವನಿಂದ ಹತ್ತು ರೂಪಾಯಿ, ಮೇಷ್ಟರಿಂದ ಹತ್ತು ರೂಪಾಯಿ, ಬಸ್ಸಿನ ಕಂಡಕ್ಟರನಿಂದ ಹತ್ತು ರೂಪಾಯಿ ಪಡೆದು, ಮೂವರಿಗೂ ರಸೀತಿ ಕೊಟ್ಟು, ವರ್ಷಕ್ಕೊಮ್ಮೆ ಮೂವರನ್ನೂ ಕೂಡಿಸಿ ಲೆಕ್ಕ ಓದುವ ಒಬ್ಬ ಕಾರ್ಯದರ್ಶಿ ಸಿಕ್ಕಿದರೆ ಕ್ಲಬ್ಬು ಹುಟ್ಟಿತೆಂದೇ ಲೆಕ್ಕ. ಆಡುವ ಹುಡುಗರು ನಮ್ಮ ಊರುಗಳಲ್ಲಿ ಎಂದೂ ಕಡಿಮೆಯಾಗಿಲ್ಲ.