ಓಲೆಗರಿಯ ನಿರ್ಮಾಣ: ಸಾವಿರ ಪ್ರತಿಗಳ ಹಿಂದಿನ ಶ್ರಮ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧ ಸಂಗತಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದಿದೆ. ರನ್ನನು 993ರಲ್ಲಿ 'ಅಜಿತಪುರಾಣ'ವನ್ನು ರಚಿಸಿದ್ದೂ ಈಕೆಯ ಆಶ್ರಯದಲ್ಲಿಯೇ. ಆಕೆಯ ಔದಾರ್ಯವನ್ನು ಕೊಂಡಾಡುವ ನಾವು, ಆ ಪ್ರತಿಗಳು ಯಾವ ವಸ್ತುವಿನಿಂದ, ಎಂತಹ ದುಡಿಮೆಯಿಂದ ಸಿದ್ಧವಾಗುತ್ತಿದ್ದವೆಂದು ಕೇಳುವುದು ಅಪರೂಪ. ಒಂದು ಪ್ರತಿಗೆ ನೂರು ಗರಿಗಳೆಂದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಂಡರೂ ಲಕ್ಷ ಗರಿಗಳು ಬೇಕು. ಮರದಲ್ಲಿರುವುದು ಎಲೆ ಮಾತ್ರ. ಅದು ಓಲೆಯಾಗುವುದು ಮನುಷ್ಯನ ಕೈಯಲ್ಲಿ.

ಬರವಣಿಗೆಗೆ ಮುಖ್ಯವಾಗಿ ಎರಡು ಬಗೆಯ ಮರಗಳ ಗರಿಗಳು ಬಳಕೆಯಾಗಿವೆ. ಸಾಮಾನ್ಯ ತಾಳೆಯ ಗರಿ ದಪ್ಪ, ಒರಟು. ಶ್ರೀತಾಳೆಯದು ತೆಳು, ಮೃದು, ಅಗಲ. ಬಾಗಿಸಿದರೆ ಬೇಗ ಮುರಿಯದು. ಆದರೆ ಶ್ರೀತಾಳೆಯು ಹಲವು ದಶಕಗಳ ಕಾಲ ಬೆಳೆದು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುವ ಮರ. ಉತ್ತಮ ಓಲೆ ಸುಲಭವಾಗಿ ದೊರೆಯುವ ಸರಕಾಗಿರಲಿಲ್ಲವೆಂಬುದು ಇದರಿಂದಲೇ ವೇದ್ಯವಾಗುತ್ತದೆ.

ಪರಂಪರೆಯಿಂದ ಉಳಿದುಬಂದಿರುವ ನಿರ್ಮಾಣಕ್ರಮ ಸ್ಥೂಲವಾಗಿ ಹೀಗಿದೆ. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ ಗರಿಗಳನ್ನು ಆರಿಸಿ ಕೊಯ್ದು, ನಡುವಿನ ಕಡ್ಡಿಯನ್ನು ಸೀಳಿ ತೆಗೆಯುತ್ತಾರೆ. ನೆರಳಿನಲ್ಲಿ ಒಣಗಿಸಿ, ನೀರಿನಲ್ಲಿ ಕುದಿಸುತ್ತಾರೆ; ಕೆಲವೆಡೆ ಈ ನೀರಿಗೆ ಅರಿಸಿನ ಸೇರಿಸುವುದುಂಟು. ಕುದಿಸುವುದರಿಂದ ಗರಿಗೆ ಹದವೂ ಬಾಳಿಕೆಯೂ ಬರುತ್ತವೆ. ಮತ್ತೆ ಒಣಗಿಸಿ, ಭಾರವಿಟ್ಟು ಸಪಾಟುಗೊಳಿಸಿ, ಶಂಖದಿಂದಲೋ ನುಣುಪಾದ ಕಲ್ಲಿನಿಂದಲೋ ಉಜ್ಜಿ ಮೆರುಗು ಕೊಡುತ್ತಾರೆ. ಕೊನೆಗೆ ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ರಂಧ್ರ ಮಾಡಿ, ಮೇಲೂ ಕೆಳಗೂ ಮರದ ಪಟ್ಟಿಗಳನ್ನಿಟ್ಟು ಕಟ್ಟು ಕಟ್ಟುತ್ತಾರೆ. ಇಷ್ಟಾದರೂ ಇನ್ನೂ ಒಂದಕ್ಷರವೂ ಮೂಡಿರುವುದಿಲ್ಲ.

ದಕ್ಷಿಣದಲ್ಲಿ ಸಾಮಾನ್ಯವಾಗಿ ಕಬ್ಬಿಣದ ಕಂಟದಿಂದ ಓಲೆಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಅಕ್ಷರ ಕಣ್ಣಿಗೆ ಸ್ಪಷ್ಟವಾಗಿ ಕಾಣದು. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ, ಬಟ್ಟೆಯಿಂದ ಒರೆಸಿದಾಗ ಮಸಿಯು ಗೀರುಗಳಲ್ಲಿ ಮಾತ್ರ ಉಳಿದು ಬರಹ ಎದ್ದು ಕಾಣುತ್ತದೆ. ಮೂಡುಬಿದಿರೆಯ ಧವಲಾ ಪ್ರತಿಗಳು ಇದಕ್ಕೆ ವಿಶಿಷ್ಟವಾದ ಅಪವಾದ. ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ಈ ಟೀಕೆಯು ಹಳಗನ್ನಡ ಲಿಪಿಯಲ್ಲಿ, ಹೊಯ್ಸಳರ ಕಾಲದ ಸಚಿತ್ರ ಓಲೆಗಳಲ್ಲಿ ಅಲ್ಲಿ ಉಳಿದುಬಂದಿತು. ಅಲ್ಲಿನ ಅಕ್ಷರಗಳು ಕೊರೆದವಲ್ಲ, ಶಾಯಿಯಿಂದ ಬರೆದವು.

ಈ ವಸ್ತುಜ್ಞಾನವು ಸಾಹಿತ್ಯದ ವಿದ್ಯಾರ್ಥಿಗೆ ಏಕೆ ಬೇಕು? ಓಲೆಯ ಗುಣವೂ ಅದರ ಬೆಲೆಯೂ ಬರಹದ ರೀತಿಯನ್ನು ತಿದ್ದಿವೆ. ಗರಿಯ ನಾರು ಉದ್ದಕ್ಕೆ ಸಾಗುತ್ತದೆ. ಅದೇ ದಿಕ್ಕಿನಲ್ಲಿ ಕಂಟವನ್ನು ಒತ್ತಿ ಎಳೆದರೆ ಓಲೆ ಸೀಳುವ ಭಯ. ಗರಿಯನ್ನು ಉಳಿಸಲು ಲಿಪಿಕಾರನು ಪದಗಳ ನಡುವೆ ಅಂತರ ಬಿಡುವುದಿಲ್ಲ, ಪದ್ಯವನ್ನು ಪಾದಪಾದವಾಗಿ ಒಡೆದು ಬರೆಯುವುದಿಲ್ಲ. ಜೊತೆಗೆ ಹಳೆಯ ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವನ್ನು ಅನೇಕ ವೇಳೆ ತೋರಿಸಿರುವುದಿಲ್ಲ. 'ಕೊಡು' ಮತ್ತು 'ಕೋಡು' ಅಲ್ಲಿ ಒಂದೇ ರೂಪದಲ್ಲಿ ಕಾಣಬಹುದು. ಪದ್ಯವಾದರೆ ಛಂದಸ್ಸು ನಿರ್ಣಯಿಸುತ್ತದೆ. ಗದ್ಯವಾದರೆ ಸಂದರ್ಭವೊಂದೇ ಆಧಾರ. ಅಚ್ಚಿನ ಪುಸ್ತಕದಲ್ಲಿ ನಾವು ನಿಶ್ಚಿಂತೆಯಿಂದ ಓದುವ ಪದವಿಭಾಗವು ಕವಿಯದಲ್ಲ, ಓಲೆಯ ಮುಂದೆ ಕುಳಿತ ಸಂಪಾದಕನದು. ಆತ ತಪ್ಪಿದರೆ ನಮ್ಮ ಅರ್ಥವೂ ತಪ್ಪುತ್ತದೆ.

ಓಲೆ ಶಾಶ್ವತವೂ ಅಲ್ಲ. ತೇವ, ಗೆದ್ದಲು, ಹುಳು, ಬೆಂಕಿಗಳ ನಡುವೆ ಅದು ಸವೆಯುತ್ತದೆ. ಸವೆಯುವ ಮುನ್ನ ಇನ್ನೊಬ್ಬನು ಹೊಸ ಓಲೆಯಲ್ಲಿ ಬರೆದುಕೊಂಡರೆ ಮಾತ್ರ ಕೃತಿ ಉಳಿಯುತ್ತದೆ. ಶಾಸ್ತ್ರದಾನವನ್ನು ಜೈನರು ಮಹಾದಾನಗಳಲ್ಲಿ ಎಣಿಸಿದ್ದರ ಹಿಂದೆ ಈ ಕಠಿಣ ಸತ್ಯವೂ ಇದೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ಆಚರಣೆಯಲ್ಲಿ ಭಕ್ತಿಯೂ ಗ್ರಂಥರಕ್ಷಣೆಯೂ ಒಂದಾಗಿವೆ.

ಅತ್ತಿಮಬ್ಬೆಯ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಆದರೆ ಮರವೇರಿ ಗರಿ ಕೊಯ್ದವರ, ಕುದಿಸಿ ಉಜ್ಜಿದವರ, ಬೆನ್ನು ಬಾಗಿಸಿ ಕೊರೆದವರ ಹೆಸರುಗಳು ಸಾಮಾನ್ಯವಾಗಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿಲ್ಲ. ಅವರ ಕೈಕೆಲಸವಿಲ್ಲದೆ ಪಂಪನೂ ಇಲ್ಲ, ಪೊನ್ನನೂ ಇಲ್ಲ. ಹಸ್ತಪ್ರತಿಯನ್ನು ಕೈಗೆತ್ತಿಕೊಳ್ಳುವ ಸಂಶೋಧಕನು ಅಕ್ಷರಗಳನ್ನು ಓದುವ ಮೊದಲು ಓಲೆಯನ್ನೇ ಓದಲಿ: ಅದರ ಮರ, ಅಳತೆ, ರಂಧ್ರ, ಮಸಿ, ಮುರಿದ ಅಂಚು. ಪಾಠನಿರ್ಣಯದ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.