ಬಳ್ಳಾರಿ ಸೀಮೆಯ ಟಗರು ತಿಂದದ್ದೇನು?

ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂದು ಭಾವಿಸಿ ಪರೀಕ್ಷೆಗಾಗಿ ಅವನ್ನು ಬಾಯಿಪಾಠ ಮಾಡುವುದುಂಟು. ಆದರೆ ಒಂದು ಟಗರಿನ ಮುಂದಿಟ್ಟ ಬುಟ್ಟಿಯಲ್ಲಿ ಏನಿದೆ ಎಂದು ಇಣುಕಿ ನೋಡಿದರೂ ಒಂದು ನಾಡಿನ ಚರಿತ್ರೆ ಕಾಣಸಿಗುತ್ತದೆ. ಬಳ್ಳಾರಿ ನಗರ, ಅದರ ಉತ್ತರಕ್ಕಿರುವ ಕುರುಗೋಡು, ಇನ್ನೂ ಮುಂದಿನ ಸಿರುಗುಪ್ಪ ಈ ಸೀಮೆಯಲ್ಲಿ ಮಂದೆಯಿಂದ ಒಂದು ಒಳ್ಳೆಯ ಗಂಡುಮರಿಯನ್ನು ಬೇರ್ಪಡಿಸಿ, ಮನೆಯ ಮುಂದೆ ಕಟ್ಟಿ, ಕೈಯಿಂದ ತಿನ್ನಿಸಿ ಬೆಳೆಸುವ ರೂಢಿಯಿದೆ. ಇದಕ್ಕೆ ‘ಕಟ್ಟಿ ಮೇಯಿಸುವುದು’ ಎನ್ನುತ್ತಾರೆ. ಹಬ್ಬಕ್ಕೆ, ಹರಕೆಗೆ, ಸಂತೆಗೆ, ಜಾನುವಾರು ಪ್ರದರ್ಶನಕ್ಕೆ ಹೀಗೆ ಬೆಳೆದ ಟಗರು ಬರುತ್ತದೆ. ಅದರ ಮೈ ನೋಡಿ ಬೆರಗಾಗುವವರು ಬಹಳ; ಅದು ತಿಂದದ್ದೇನು ಎಂದು ಕೇಳುವವರು ಕಡಿಮೆ.

ಈ ಭಾಗದಲ್ಲಿ ಕುರಿಗೂ ಮನುಷ್ಯನಿಗೂ ಇರುವ ನಂಟು ನಾಲ್ಕು ಸಾವಿರ ವರ್ಷಗಳಿಗೂ ಹಳೆಯದು. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನ ವಾಸಿಸುತ್ತಿದ್ದರು. ಕುಡತಿನಿಯ ಬಳಿಯ ಬೂದಿದಿಬ್ಬವನ್ನು ನೀವು ರಸ್ತೆಯಿಂದಲೇ ನೋಡಿರಬಹುದು. ಅದು ಯಾವ ರಾಕ್ಷಸನ ಚಿತೆಯೂ ಅಲ್ಲ, ದನದ ದೊಡ್ಡಿಗಳಲ್ಲಿ ಒಟ್ಟಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರ ಅವಶೇಷ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಇಂಥ ನೆಲೆಗಳಲ್ಲಿ ದನಗಳ ಎಲುಬುಗಳೇ ಹೆಚ್ಚು. ಅವುಗಳ ಜೊತೆಗೆ ಕುರಿ ಮೇಕೆಗಳ ಎಲುಬುಗಳೂ ದೊರೆತಿವೆ. ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯಕ್ಕೆ ಹೋದರೆ ಈ ಕಾಲದ ಪರಿಚಯವಾಗುತ್ತದೆ.

ಕುರುಗೋಡು ಮುಂದೆ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ನೆಲೆಯಾಯಿತು. ಅಲ್ಲಿಯ ದೊಡ್ಡ ಬಸವೇಶ್ವರನ ಏಕಶಿಲಾ ನಂದಿ ಇಂದಿಗೂ ಊರಿನ ಹೆಮ್ಮೆ. ಎತ್ತಿಗೆ ದೇವರ ಸ್ಥಾನ ದೊರೆತ ನಾಡಿನಲ್ಲಿ ಟಗರಿಗೆ ಅಷ್ಟು ದೊಡ್ಡ ಶಿಲ್ಪ ದೊರೆಯಲಿಲ್ಲ ಎಂಬುದು ನಿಜ. ಆದರೆ ಹಾಲುಮತದ ಜನರ ಕಥನಗಳಲ್ಲಿ ಕುರಿಗೆ ದೈವದ ಹುಟ್ಟೇ ಇದೆ. ಕುರುಬರಲ್ಲಿ ‘ಉಣ್ಣೆ ಕಂಕಣ’, ‘ಹತ್ತಿ ಕಂಕಣ’ ಎಂಬ ಎರಡು ಪಂಗಡಗಳಿರುವುದನ್ನು ನೀವು ಕೇಳಿರಬಹುದು. ಮದುವೆಯಲ್ಲಿ ಕಟ್ಟುವ ಕಂಕಣದ ದಾರದಿಂದ ಬಂದ ಹೆಸರುಗಳಿವು. ಉಣ್ಣೆ ಮತ್ತು ಹತ್ತಿ, ಬಳ್ಳಾರಿಯ ಬಯಲನ್ನು ಶತಮಾನಗಳ ಕಾಲ ಸಾಕಿದ ಎರಡು ಪದಾರ್ಥಗಳೂ ಇವೇ ಅಲ್ಲವೇ!

ಕೊಬ್ಬಿದ ಕುರಿಗೆ ಬೆಲೆಯಿತ್ತೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷ್ಯ ವಿಜಯನಗರದಿಂದ ಸಿಗುತ್ತದೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜಧಾನಿಯ ಬೀದಿಬೀದಿಗಳಲ್ಲಿ ಕುರಿಮಾಂಸ ಮಾರುತ್ತಿದ್ದುದನ್ನೂ ಅದರ ಸ್ವಚ್ಛತೆ ಮತ್ತು ಕೊಬ್ಬನ್ನೂ ಕಂಡು ಅಚ್ಚರಿಪಟ್ಟು ಬರೆದಿದ್ದಾನೆ. ಬೇಸಿಗೆಯಲ್ಲಿ ಹುಲ್ಲೇ ಕಾಣದ ಈ ಬಯಲಿನಲ್ಲಿ ಬರಿ ಮೇವಿನಿಂದ ಅಂಥ ಮೈ ಬರುವುದು ಕಷ್ಟ. ಯಾರೋ ಕಾಳು ಹಾಕಿ ಬೆಳೆಸಿರಬೇಕು ಎಂದು ಊಹಿಸಿದರೆ ತಪ್ಪಾಗಲಾರದು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದು ಹೊಲಹೊಲವನ್ನೂ ಅಳೆಸಿದನು. ಬಳಿಕ 1882ರ ಮದರಾಸು ಅರಣ್ಯ ಕಾಯಿದೆ ಬಂದಿತು. ಕುರುಚಲು ಗುಡ್ಡಗಳು ಮೀಸಲು ಅರಣ್ಯಗಳಾದವು. ಮೇಯಿಸಲು ಪರವಾನಗಿ ಬೇಕಾಯಿತು, ಶುಲ್ಕ ಕಟ್ಟಬೇಕಾಯಿತು. ಈ ಎರಡರ ನಡುವೆ 1876-78ರ ಭೀಕರ ಕ್ಷಾಮ ಬಂದು ಹೋಗಿತ್ತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮದರಾಸು ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮನುಷ್ಯರಿಗೇ ಅಂಬಲಿ ಇಲ್ಲದಾಗ ಟಗರಿಗೆ ಕಾಳು ಹಾಕುವ ಮಾತೆಲ್ಲಿ?

ಹಾಗಿದ್ದರೆ ಕಟ್ಟಿದ ಟಗರಿಗೆ ಏನು ಹಾಕುತ್ತಿದ್ದರು? ಮಳೆಯಾಶ್ರಯದ ಎರೆ ಭೂಮಿಯ ಕಾಲದಲ್ಲಿ ಜೋಳದ ನುಚ್ಚು, ನೆನೆಸಿದ ಹುರುಳಿ, ತೊಗರಿ ಹೊಟ್ಟು, ಜಾಲಿಕಾಯಿ. ಬಿದ್ದ ಜಾಲಿಕಾಯಿಯನ್ನು ಆರಿಸಿ ತರುವುದು ಹುಡುಗರ ಕೆಲಸ. ಹತ್ತಿಯ ವ್ಯಾಪಾರ ಬೆಳೆದು ಬಳ್ಳಾರಿಯಲ್ಲಿ ಹತ್ತಿ ಬಿಡಿಸುವ ಕಾರ್ಖಾನೆಗಳು ಬಂದ ಮೇಲೆ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಸುಲಭವಾಗಿ ಸಿಗತೊಡಗಿದವು. ಇಪ್ಪತ್ತನೆಯ ಶತಮಾನದಲ್ಲಿ ಶೇಂಗಾ ಬೆಳೆ ಹರಡಿ, ಎಣ್ಣೆಗಿರಣಿಗಳಿಂದ ಶೇಂಗಾ ಹಿಂಡಿ ಬಂದಿತು. ಕೊನೆಯದಾಗಿ ಬಂದದ್ದು ಸಿರುಗುಪ್ಪದ ಅಕ್ಕಿಗಿರಣಿಗಳ ತೌಡು.

ತೌಡಿನ ಹಿಂದೆ ತುಂಗಭದ್ರಾ ಅಣೆಕಟ್ಟಿನ ಕತೆಯಿದೆ. 1945ರಲ್ಲಿ ಆರಂಭವಾದ ಕೆಲಸ ಮುಗಿದು 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಬರಪೀಡಿತ ಸೀಮೆಗೆ ಹಗುರ ನೀರಾವರಿ ಒದಗಿಸಿ ಜೋಳ, ಹತ್ತಿಗಳನ್ನು ಉಳಿಸಬೇಕೆಂಬುದು ಯೋಜನೆಯ ಮೂಲ ಆಶಯಗಳಲ್ಲಿ ಒಂದು. ರೈತರು ಭತ್ತ ಹಾಕಿದರು. ಕರಾವಳಿ ಆಂಧ್ರದಿಂದ ಬಂದವರು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಸಿದರು. ಸಿರುಗುಪ್ಪ ಭತ್ತದ ಕಣಜವೆನಿಸಿತು.

ಕುರಿಗಾರರಿಗೆ ಇದರಿಂದ ಲಾಭವಾಯಿತೇ? ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಮೊದಲು ಜೋಳ ಕೊಯ್ದ ಎರೆ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಹಿಕ್ಕೆ ಗೊಬ್ಬರಕ್ಕೆ ಪ್ರತಿಯಾಗಿ ಹೊಲದೊಡೆಯನಿಂದ ಕಾಳು ಪಡೆಯುತ್ತಿದ್ದರು. ಎರಡು ಬೆಳೆ ಬರುವ ಗದ್ದೆಯಲ್ಲಿ ಮಂದೆಗೆ ಬಿಡುವೇ ಕಡಿಮೆ. ಅಲ್ಲದೆ ಸದಾ ತೇವವಿರುವ ಕಾಲುವೆಯಂಚಿನಲ್ಲಿ ಬಸವನಹುಳು ಹೆಚ್ಚುತ್ತದೆ. ಅದರ ಮೂಲಕ ಕುರಿಯ ಯಕೃತ್ತಿಗೆ ಚಪ್ಪಟೆ ಹುಳು ಸೇರುತ್ತದೆ. ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಬಂದ ಕುರಿಯನ್ನು ಗದ್ದೆ ಸೀಮೆಯ ಕುರಿಗಾರರು ಚೆನ್ನಾಗಿ ಬಲ್ಲರು. ತೌಡು ಕೊಟ್ಟ ನೀರೇ ಈ ರೋಗವನ್ನೂ ತಂದಿತು.

ಇನ್ನು ತಿನ್ನಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಹೆಚ್ಚಿನ ಸ್ವಾರಸ್ಯವಿದೆ. ಸುಮಾರು ಮೂರು ತಿಂಗಳಿಗೆ ಮರಿಯನ್ನು ಹಾಲು ಬಿಡಿಸುತ್ತಾರೆ. ಆರಿಸುವಾಗ ನೋಡುವುದು ಉದ್ದ ಬೆನ್ನು, ಅಗಲ ಎದೆ, ನೆಟ್ಟನೆಯ ಕಾಲು. ಜೊತೆಗೆ ತಾಯಿಯ ಹಾಲು ಹೇಗಿತ್ತೆಂಬ ವಿಚಾರಣೆ. ಮೊದಲು ದಿನಕ್ಕೆ 50-100 ಗ್ರಾಂ ಕಾಳು-ಹಿಂಡಿಯಿಂದ ಆರಂಭಿಸಿ, ವಾರವಾರವೂ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಒಮ್ಮೆಲೇ ಬುಟ್ಟಿ ತುಂಬ ಜೋಳ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಮರಿ ಮಲಗಿಬಿಡುತ್ತದೆ. ಕರುಳು ನಂಜು ರೋಗವಂತೂ ಇನ್ನೂ ಕ್ರೂರ: ಕರುಳಿನಲ್ಲಿ ಮೊದಲೇ ಇರುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿ, ಹೆಚ್ಚು ಕಾಳು ಸಿಕ್ಕಾಗ ಬೆಳೆದು ವಿಷ ಉಗುಳುತ್ತದೆ. ಸಾಯುವುದು ಬಡಕಲು ಮರಿಯಲ್ಲ, ಎಲ್ಲಕ್ಕಿಂತ ಚೆನ್ನಾಗಿ ತಿಂದು ಬೆಳೆದ ಮರಿ. ರಾತ್ರಿ ಆರೋಗ್ಯವಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುವುದನ್ನು ಕಂಡು, ಯಾರದೋ ದೃಷ್ಟಿ ತಾಗಿತೆಂದು ಹಳಬರು ಭಾವಿಸಿದ್ದರೆ ಅವರನ್ನು ನಾವು ನಗಬಾರದು. ಇದಕ್ಕೆ ಈಗ ಲಸಿಕೆಯಿದೆ.

ಬಳ್ಳಾರಿಯ ಪ್ರತಿಯೊಂದು ಹೊಸ ಮೇವಿಗೂ ಅದರದೇ ಅಪಾಯ ಅಂಟಿಕೊಂಡಿರುವುದು ವಿಚಿತ್ರ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಬೆಳೆದ ಕುರಿಯ ಮೆಲುಕುಚೀಲ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಹಾಲುಮರಿಗೆ ಆ ಶಕ್ತಿಯಿಲ್ಲ. ಶೇಂಗಾ ಹಿಂಡಿ ತೇವವಾದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಉಂಟಾಗುತ್ತದೆ. ಈ ವಿಷ ಜಗತ್ತಿಗೆ ತಿಳಿದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾಮೂಹಿಕವಾಗಿ ಸತ್ತಾಗ. ಕಾರಣ ಬ್ರೆಜಿಲಿನಿಂದ ತರಿಸಿದ್ದ ಶೇಂಗಾ ಹಿಂಡಿ. ಇನ್ನು ತೌಡು: ಅದರಲ್ಲಿ ರಂಜಕ ಬಹಳ, ಸುಣ್ಣದಂಶ ಅತ್ಯಲ್ಪ. ಬರಿ ತೌಡಿನ ಮೇಲೆ ಬೆಳೆಸಿದ ಗಂಡುಮರಿಗೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬೀಜ ಒಡೆದ ಮರಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸುಣ್ಣದಂಶ ರಂಜಕದ ಎರಡರಷ್ಟಿರಬೇಕೆಂಬುದು ಪಶುವೈದ್ಯರ ಲೆಕ್ಕ. ಅದಕ್ಕಾಗಿ ಖನಿಜ ಮಿಶ್ರಣ, ಉಪ್ಪು, ಸಾಕಷ್ಟು ನೀರು, ಜೊತೆಗೆ ಕುದುರೆಮೆಂತೆಯಂಥ ದ್ವಿದಳ ಹಸಿರು ಮೇವು.

ಪ್ರದರ್ಶನಕ್ಕೆ ಸಿದ್ಧಪಡಿಸುವುದೆಂದರೆ ತಿನ್ನಿಸುವುದಷ್ಟೇ ಅಲ್ಲ. ಬೆಳಗಿನ ತಂಪಿನಲ್ಲಿ ನಡೆಸಬೇಕು. ಇಲ್ಲವಾದರೆ ಮಾಂಸ ಕಟ್ಟದೆ ಕೊಬ್ಬಷ್ಟೇ ಕೂರುತ್ತದೆ. ಜಂತುನಾಶಕ ಕುಡಿಸಬೇಕು, ಗೊರಸು ಕತ್ತರಿಸಬೇಕು, ಮೈ ತೊಳೆಯಬೇಕು, ಹಗ್ಗಕ್ಕೂ ಜನಜಂಗುಳಿಗೂ ಒಗ್ಗಿಸಬೇಕು. ತೀರ್ಪುಗಾರನು ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ಆಮೇಲೆ ಸೊಂಟದ ಮೂಳೆಯ ಮೇಲೆ ಬೆರಳೂರಿ ಒತ್ತುತ್ತಾನೆ. ಮೂಳೆ ಚುಚ್ಚಿದರೆ ಬಡಕಲು, ಹುಡುಕಿದರೂ ಸಿಗದಿದ್ದರೆ ಅತಿಕೊಬ್ಬು. ಒಂದರಿಂದ ಐದರವರೆಗಿನ ಅಂಕಗಳಲ್ಲಿ ಮೂರು ಮೂರೂವರೆ ಮೆಚ್ಚತಕ್ಕದ್ದು. ಕುರಿಗಾರ ಸಂತೆಯಲ್ಲಿ ಕಂಬಳಿಯ ಮರೆಯಿಂದ ಕೈ ಚಾಚಿ ಬೆನ್ನು ಹಿಸುಕುವುದೂ ಇದೇ ಪರೀಕ್ಷೆ, ಅಂಕ ಹಾಕುವುದಿಲ್ಲ ಅಷ್ಟೆ.

ಕಟ್ಟಿ ಮೇಯಿಸುವುದರಲ್ಲಿ ಟಗರಿನ ಕಾಳಗದ ಹಂಬಲವೂ ಬೆರೆತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರಾಣಿಗಳನ್ನು ಕಾಳಗಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಬಳ್ಳಾರಿ ತಳಿಗೆ ಅಂಗೀಕೃತ ಸ್ಥಾನವಿದೆ: ಹಾಸನ, ಮಂಡ್ಯ, ಕೆಂಗುರಿ, ದಖನಿ ತಳಿಗಳೊಡನೆ ಅದೂ ಕರ್ನಾಟಕದ ತಳಿಗಳ ಪಟ್ಟಿಯಲ್ಲಿದೆ. ಬಿಳಿ, ಕಪ್ಪು, ಎರಡೂ ಬೆರೆತ ಬಣ್ಣ, ಜೋತು ಬಿದ್ದ ಕಿವಿ, ಒರಟು ಉಣ್ಣೆ. ಟಗರುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮಾತ್ರ ಕೊಂಬು. ಪ್ರದರ್ಶನದಲ್ಲಿ ಬನ್ನೂರು ಕುರಿಯ ಗಿಡ್ಡ ಗುಂಡುಮೈಯ ಪಕ್ಕದಲ್ಲಿ ನಿಂತರೆ ಇದು ಸಾಧಾರಣವಾಗಿಯೇ ಕಾಣುತ್ತದೆ. ಆದರೆ ಬಿಸಿಲಿನಲ್ಲಿ ದಿನವಿಡೀ ನಡೆದು ಕೊಯ್ದ ಹೊಲದ ಕೂಳೆಯಲ್ಲೇ ಹೊಟ್ಟೆ ಹೊರೆಯುವ ಗುಣಕ್ಕೆ ಅಂಕ ಕೊಡುವ ಕಾಲಂ ಪ್ರದರ್ಶನದ ಹಾಳೆಯಲ್ಲಿ ಇರುವುದು ವಿರಳ. ನನಗಂತೂ ಇದೊಂದು ಕೊರತೆಯೆಂದೇ ತೋರುತ್ತದೆ.

ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ (1725-1795) ಎಂಬ ರೈತ ಲೆಸ್ಟರ್ ಕುರಿಯನ್ನು ಆಯ್ಕೆಯಿಂದಲೇ ತಿದ್ದಿ, ಬೇಗ ಕೊಬ್ಬುವ ತಳಿಯಾಗಿ ಮಾಡಿದ. ಅವನು ಒಳ್ಳೆಯ ಟಗರುಗಳನ್ನು ಮಾರದೆ ಋತುವಿಗೆ ಇಷ್ಟೆಂದು ಬಾಡಿಗೆಗೆ ಕೊಡುತ್ತಿದ್ದ. ಋತು ಮುಗಿದ ಮೇಲೆ ಟಗರು ಅವನ ಹಟ್ಟಿಗೇ ಮರಳುತ್ತಿತ್ತು. ಅವನು ತೀರಿಕೊಂಡ ಮೂರು ವರ್ಷಕ್ಕೆ, 1798ರಲ್ಲಿ, ಲಂಡನ್ನಿನಲ್ಲಿ ಸ್ಮಿತ್‌ಫೀಲ್ಡ್ ಕ್ಲಬ್ ಸ್ಥಾಪನೆಯಾಗಿ ಕೊಬ್ಬಿದ ಜಾನುವಾರುಗಳ ಪ್ರದರ್ಶನಗಳು ಮೊದಲಾದವು.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದು, ತೆಲಂಗಾಣ, ಆಂಧ್ರಗಳ ನಂತರ ಮೂರನೆಯ ಸ್ಥಾನ. ಇಷ್ಟು ಕುರಿಗಳ ನಡುವೆ ಎಲ್ಲಕ್ಕಿಂತ ಬೇಗ ಬೆಳೆದ ಗಂಡುಮರಿಗೇ ಮೊದಲು ಗಿರಾಕಿ. ಕುರಿಗಾರನಿಗೆ ಆ ಹೊತ್ತಿಗೆ ಹಣದ ಅಗತ್ಯ. ಮರಿ ಕಟ್ಟಿ ಮೇಯಿಸುವವನ ಮನೆ ಸೇರುತ್ತದೆ, ಹಬ್ಬಕ್ಕೆ ಮುಗಿಯುತ್ತದೆ. ಮಾರಾಟವಾಗದೆ ಉಳಿದ ನಿಧಾನದ ಮರಿ ಮಂದೆಯಲ್ಲಿ ಬೀಜದ ಟಗರಾಗುತ್ತದೆ. ಅನುಭವಸ್ಥ ಹಿರಿಯರು ಇದನ್ನು ಅರಿತು, ಎಷ್ಟು ಬೆಲೆ ಬಂದರೂ ಒಂದೆರಡು ಮರಿಗಳನ್ನು ಕೊಡದೆ ಇಟ್ಟುಕೊಳ್ಳುವುದುಂಟು. ಅಂಥ ಟಗರು ಪ್ರದರ್ಶನದ ಚಪ್ಪರಕ್ಕೆ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮಂದೆಯ ಜೊತೆ ಎರೆ ಹೊಲಗಳ ಕಡೆ ಹೊರಟಿರುತ್ತದೆ.